ಕೂಸಿನ ಸ್ನಾನದ ಸಾಮಾನು: ಯಾವುದು ಬೇಕು, ಯಾವುದು ದಂಡ

ಏಳನೇ ತಿಂಗಳು ಶುರುವಾದರೆ ಸಾಕು, ಬಸುರಿಯ ಮೊಬೈಲಿನಲ್ಲಿ ಕೂಸಿನ ಸಾಮಾನಿನ ಜಾಹೀರಾತು ಸಾಲುಗಟ್ಟುತ್ತವೆ. ಮಡಚುವ ಟಬ್ಬು, ಟಬ್ಬಿನೊಳಗೆ ಕಟ್ಟುವ ಬಲೆ, ನೀರಿನ ಬಿಸಿ ತೋರಿಸುವ ಬಾತುಕೋಳಿ, ಕಣ್ಣಿಗೆ ನೀರು ಬೀಳದ ಹಾಗೆ ತಲೆಗೆ ಹಾಕುವ ರಬ್ಬರ್ ಟೋಪಿ. ಇತ್ತ ಅಮ್ಮಮ್ಮ ಒಂದೇ ಮಾತು ಕೇಳುತ್ತಾರೆ: "ಅಲ್ಲ ತಂಗಿ, ನಿನ್ನನ್ನ ಮೀಯಿಸಿದ್ದು ಯಾವ ಟಬ್ಬಲ್ಲಿ ಹೇಳು?"

ಅಮ್ಮಮ್ಮನ ಮಾತಿನಲ್ಲಿ ಅರ್ಥ ಇದೆ. ಆದರೆ ಅವರ ಕಾಲದಲ್ಲಿ ಮನೆ ತುಂಬ ಹೆಂಗಸರಿದ್ದರು, ಮೀಯಿಸಲು ಬರುವವರು ಊರಲ್ಲೇ ಸಿಗುತ್ತಿದ್ದರು. ಈಗ ಕಾರವಾರದಲ್ಲಿ ಬಾಡಿಗೆ ಮನೆ ಮಾಡಿಕೊಂಡವರಿಗೆ, ಕೈಗಾ ಕ್ವಾರ್ಟರ್ಸಿನಲ್ಲಿ ಇರುವವರಿಗೆ, ನೌಕಾನೆಲೆಯ ಕೆಲಸಕ್ಕೆಂದು ಎಲ್ಲಿಂದಲೋ ಬಂದವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಟಬ್ಬು ಬೇಕೋ ಬೇಡವೋ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರ ಇಲ್ಲ. ನಾನು ನೋಡಿದ ಮಟ್ಟಿಗೆ ಈ ಸಾಮಾನು ಕೊಳ್ಳುವುದು ಕೂಸಿಗಾಗಿ ಅಂತ ಹೇಳುತ್ತೇವೆಯೇ ಹೊರತು, ಅದರ ಉಪಯೋಗ ಇರುವುದು ಮೀಯಿಸುವವರ ಬೆನ್ನಿಗೆ, ಸೊಂಟಕ್ಕೆ, ಕೈಗೆ. ಲೆಕ್ಕ ಅಲ್ಲಿಂದ ಶುರು ಮಾಡಿದರೆ ತೀರ್ಮಾನ ಸುಲಭ.

1. ಹೆರಿಗೆಗೆ ಮೊದಲು ಏನೂ ಕೊಳ್ಳಬೇಡಿ

ಹುಟ್ಟಿದ ಕೂಸಿಗೆ ಕೂಡಲೇ ಸ್ನಾನ ಬೇಕಿಲ್ಲ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೆ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಮೈಮೇಲಿನ ಬಿಳಿ ಬೆಣ್ಣೆಯಂಥ ಪದರ ಚರ್ಮವನ್ನು ಕಾಯುತ್ತದೆ, ಅದನ್ನು ಉಜ್ಜಿ ತೆಗೆಯುವ ಅವಸರ ಬೇಡ.

ಆಮೇಲೆ ಹೊಕ್ಕುಳ ಬಳ್ಳಿ. ಅದು ಒಣಗಿ ಬೀಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅದನ್ನು ಒಣಗಲು ಬಿಡುವುದೇ ಆರೈಕೆ. ಎಣ್ಣೆ, ಅರಿಶಿನ, ಬೂದಿ, ಪೌಡರ್ ಯಾವುದೂ ಬೇಡ. ಈ ದಿನಗಳಲ್ಲಿ ಟಬ್ಬಿನಲ್ಲಿ ಕೂಸನ್ನು ಮುಳುಗಿಸುವುದಕ್ಕಿಂತ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಮೊದಲು ಮುಖ, ಆಮೇಲೆ ಕುತ್ತಿಗೆ ಮಡಿಕೆ, ಕಂಕುಳು, ಕೊನೆಗೆ ತೊಡೆಸಂದಿ. ಒರೆಸುತ್ತಿರುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಲಿ. ಹೊಕ್ಕುಳ ಸುತ್ತ ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ತೂಕ ಕಡಿಮೆ ಇರುವ ಕೂಸಾದರೆ, ಅಂದರೆ ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ, ಸ್ನಾನ ಇನ್ನೂ ತಡವಾಗಿಯೇ. ಯಾವಾಗ ಶುರು ಮಾಡಬೇಕು ಅಂತ ಡಾಕ್ಟರೇ ಹೇಳಲಿ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡಬೇಕು ಅಂತ ಕ್ರಮ ಇದೆ. ಬಂದಾಗ ಚಾ ಕೊಟ್ಟು ಕಳಿಸುವ ಬದಲು ಹೊಕ್ಕುಳ ತೋರಿಸಿ, ಸ್ನಾನದ ಬಗ್ಗೆ ಕೇಳಿ. ಚಾ ಹೇಗೂ ಕೊಡಿ.

ಮೊದಲ ಎರಡು ಮೂರು ವಾರಕ್ಕೆ ಬೇಕಾದ್ದು ಇಷ್ಟೇ: ಒಂದು ಬೋಗುಣಿ, ನಾಲ್ಕಾರು ಹಳೆ ಪಂಚೆಯ ತುಂಡು, ಒಣಗಿದ ಒಂದು ದೊಡ್ಡ ಬಟ್ಟೆ. ಹೆರಿಗೆಗೆ ಮೊದಲೇ ತಂದಿಟ್ಟ ಟಬ್ಬಿನಲ್ಲಿ ಆ ಹೊತ್ತಿಗೆ ಡೈಪರ್ ಪ್ಯಾಕೆಟ್ಟು ತುಂಬಿರುತ್ತದೆ.

2. ಮೀಯಿಸುವವರು ಯಾರು ಅಂತ ಮೊದಲು ಹೇಳಿ

ಇಡೀ ವಿಷಯದ ಬುಡ ಇರುವುದು ಇಲ್ಲಿ.

ನಮ್ಮ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತು. ಮೀಯಿಸುವವರು ಬಚ್ಚಲಲ್ಲಿ ಮಣೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂರುತ್ತಾರೆ. ಎರಡು ಮುಂಗಾಲು ಜೋಡಿಸಿದಾಗ ನಡುವೆ ಆಗುವ ತಗ್ಗಿನಲ್ಲಿ ಕೂಸು ಮಲಗುತ್ತದೆ. ತಲೆ ಅವರ ಪಾದದ ಕಡೆ, ಕಾಲು ಅವರ ಹೊಟ್ಟೆಯ ಕಡೆ. ಬೆನ್ನಿಗೆ ಬಂದಾಗ ಕವುಚಿ ಹಾಕುತ್ತಾರೆ. ಒಂದು ಕೈ ಕೂಸಿನ ಮೇಲೆ, ಇನ್ನೊಂದು ಕೈಯಲ್ಲಿ ತಂಬಿಗೆ.

ಇದರ ಒಳ್ಳೆಯ ಗುಣಗಳನ್ನು ಯಾವ ಕಂಪನಿಯೂ ಟಬ್ಬಿನಲ್ಲಿ ತರಲು ಆಗಿಲ್ಲ. ನೀರು ನಿಲ್ಲುವುದಿಲ್ಲ, ಹಾಕಿದ್ದು ಹಾಕಿದ ಹಾಗೆ ಹರಿದು ಹೋಗುತ್ತದೆ. ಹಾಗಾಗಿ ಮುಳುಗುವ ಭಯ ಬಹಳ ಕಡಿಮೆ. ಕೂಸಿಗೆ ಮೈಯ ಬಿಸಿ ಸಿಗುತ್ತದೆ. ನೀರಿನ ಬಿಸಿ ಮೀಯಿಸುವವರ ಕಾಲಿಗೂ ತಾಗುತ್ತದೆ. ಎಣ್ಣೆ ಹಚ್ಚಿದ ಕೂಸನ್ನು ಹಿಡಿಯುವುದಕ್ಕೂ ಇದೇ ಸಲೀಸು. ಈ ಎಣ್ಣೆಯ ವಿಷಯ ಜಾಹೀರಾತಿನಲ್ಲಿ ಎಲ್ಲೂ ಬರುವುದಿಲ್ಲ ನೋಡಿ. ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಕೂಸಿಗೆ ತೆಂಗಿನೆಣ್ಣೆ ಹಚ್ಚಿಯೇ ಮೀಯಿಸುವುದು. ಆ ಜಾರುವ ಮೈಯನ್ನು ನುಣುಪಾದ ಪ್ಲಾಸ್ಟಿಕ್ ಟಬ್ಬಿನ ಸೋಪು ನೀರಿಗೆ ಇಳಿಸಿದರೆ ಹಿಡಿತ ತಪ್ಪುವುದು ಎಷ್ಟು ಹೊತ್ತು? ಮೀಯಿಸಿದ ಮೇಲೆ ಟಬ್ಬಿಗೆ ಅಂಟಿದ ಜಿಡ್ಡು ತಿಕ್ಕುವ ಕೆಲಸ ಬೇರೆ.

ಹಾಗಾಗಿ ಮನೆಯಲ್ಲಿ ಕಾಲ ಮೇಲೆ ಮೀಯಿಸಲು ಬರುವ, ಕೆಳಗೆ ಕೂತು ಏಳಲು ಆಗುವ ಒಬ್ಬರಿದ್ದರೆ, ಮೊದಲ ಮೂರು ನಾಲ್ಕು ತಿಂಗಳು ಟಬ್ಬು ದಂಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಪದ್ಧತಿಯಲ್ಲಿ ಇರುವುದೆಲ್ಲ ಸರಿ ಅಂತಲೂ ಅಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಮೂಗು ನೆಟ್ಟಗಾಗಲಿ ಅಂತ ಒತ್ತುವುದು, ಎದೆ ಹಿಂಡುವುದು, ಕಣ್ಣಿಗೆ ಕಾಡಿಗೆ, ಸ್ನಾನ ಆದ ಮೇಲೆ ಕೋಣೆ ತುಂಬ ಧೂಪದ ಹೊಗೆ, ಇವೆಲ್ಲ ಬೇಡ ಅಂತ ಮಕ್ಕಳ ಡಾಕ್ಟರು ಹೇಳುತ್ತಲೇ ಇದ್ದಾರೆ. ಇನ್ನೊಂದು, ನೀರಿನ ಬಿಸಿ. ವರ್ಷಗಟ್ಟಲೆ ಒಲೆ ಮುಂದೆ ಕೆಲಸ ಮಾಡಿದ ಕೈಗೆ, ವಯಸ್ಸಾದ ಚರ್ಮಕ್ಕೆ ಬಿಸಿ ಬೇಗ ತಿಳಿಯುವುದಿಲ್ಲ. ಅವರಿಗೆ ಹದ ಅನಿಸಿದ್ದು ಕೂಸಿಗೆ ಸುಡಬಹುದು. ಜಗಳ ಮಾಡುವ ಅಗತ್ಯ ಇಲ್ಲ. "ಅತ್ತೆ, ನೀವು ಮೀಯಿಸಿ, ನೀರು ನಾನು ಬೆರೆಸಿ ಕೊಡ್ತೆ" ಅಂದರೆ ಮಾತು ಮುಗಿಯಿತು.

ಇನ್ನು ಯಾರಿಗೆ ಸಾಮಾನು ನಿಜಕ್ಕೂ ಬೇಕು? ಸಿಸೇರಿಯನ್ ಆದ ತಾಯಿಯೇ ಮೀಯಿಸಬೇಕಾದ ಮನೆಗೆ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ನೆಲದಲ್ಲಿ ಕೂತು, ಬಗ್ಗಿ, ಕೂಸನ್ನು ಎತ್ತಿಕೊಂಡು ಏಳುವುದು ಆಗುವ ಮಾತಲ್ಲ. ಮಂಡಿನೋವಿನ ಅಜ್ಜಿ ಒಬ್ಬರೇ ಇರುವ ಮನೆಗೆ. ಗಂಡ ಹೆಂಡತಿ ಇಬ್ಬರೇ ಇದ್ದು, ಕಾಲ ಮೇಲೆ ಮೀಯಿಸಿ ಅಭ್ಯಾಸವೇ ಇಲ್ಲದವರಿಗೆ. ಗಂಡಸರೂ ಕಲಿಯಬಹುದು, ಕಲಿತವರೂ ಇದ್ದಾರೆ. ಆದರೆ ಅಭ್ಯಾಸ ಇಲ್ಲದ ಕೈಗೆ ಒಂದು ಆಸರೆ ಇದ್ದರೆ ಧೈರ್ಯ.

ಬೆಂಗಳೂರಿನಿಂದ ಹೆರಿಗೆಗೆಂದು ತವರಿಗೆ ಬಂದವರ ಲೆಕ್ಕ ಬೇರೆ. ಮೂರರಿಂದ ಐದು ತಿಂಗಳು ಇಲ್ಲೇ ಬಾಣಂತನ. ಅಷ್ಟು ದಿನ ಅಮ್ಮನ ಕಾಲೇ ಟಬ್ಬು. ಟಬ್ಬು ತಂದು ಸಿರಸಿ ಬಸ್ಸಿನ ಡಿಕ್ಕಿಯಲ್ಲಿ ವಾಪಸು ಹೊತ್ತುಕೊಂಡು ಹೋಗುವುದು ಸುಮ್ನೆ ಕಿರಿಕಿರಿ. ಬೇಕೇ ಬೇಕು ಅನಿಸಿದರೆ ಬೆಂಗಳೂರಿಗೆ ಹೋದ ಮೇಲೆ ಕೊಳ್ಳಿ. ಆಗ ಕೂಸು ಕುತ್ತಿಗೆ ನಿಲ್ಲಿಸಿರುತ್ತದೆ, ಎಂಥ ಟಬ್ಬು ಬೇಕು ಅನ್ನುವುದೂ ಬೇರೆಯಾಗಿರುತ್ತದೆ.

3. ಅಳತೆ ಟೇಪು ಹಿಡಿದು ಬಚ್ಚಲಿಗೆ ಹೋಗಿ

ಫೋಟೋದಲ್ಲಿ ಟಬ್ಬು ಪುಟ್ಟದಾಗಿ ಕಾಣುತ್ತದೆ. ತರಿಸಿದ ಮೇಲೆ ನೋಡಿದರೆ ಉದ್ದ ಎರಡೂವರೆ ಅಡಿ. ಪಕ್ಕದಲ್ಲಿ ನೀವು ಕೂರಬೇಕು, ಬಿಸಿನೀರಿನ ಬಕೆಟ್ಟು ಒಂದು, ತಣ್ಣೀರಿನದು ಒಂದು. ಬಾಡಿಗೆ ಮನೆಯ ನಾಲ್ಕಡಿ ಬಾತ್‌ರೂಮಿನಲ್ಲಿ ಇದು ಹಿಡಿಸುತ್ತದೆಯೇ? ಇಲ್ಲದಿದ್ದರೆ ಕೋಣೆಯಲ್ಲಿ ನೆಲಕ್ಕೆ ಇಡಬೇಕು. ಆಗ ತುಂಬಿದ ಟಬ್ಬನ್ನು ಎತ್ತಿ ನೀರು ಚೆಲ್ಲುವವರು ಯಾರು? ಎರಡು ಮೂರು ಇಂಚು ನೀರು ಅಂದರೂ ಹತ್ತು ಲೀಟರಿನ ಮೇಲೆ ಬರುತ್ತದೆ, ಅಂದರೆ ಹತ್ತು ಕಿಲೋ ಭಾರ. ಸಿಸೇರಿಯನ್ ಆದವರು ಎತ್ತುವ ಭಾರ ಅಲ್ಲ ಇದು.

ನೆಲ ನೋಡಿ. ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಕಲ್ಲು ಪಾಚಿ ಹಿಡಿಯುತ್ತದೆ. ಕೂಸನ್ನು ಎತ್ತಿಕೊಂಡು ಜಾರಿ ಬೀಳುವುದು ಟಬ್ಬಿನಿಂದ ಆಗುವ ಯಾವ ಅಪಾಯಕ್ಕೂ ಕಡಿಮೆ ಅಲ್ಲ. ಟಬ್ಬಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಒಂದು ಒರಟು ರಬ್ಬರ್ ಮ್ಯಾಟು ತಂದು ಹಾಕಿ, ವಾರಕ್ಕೊಮ್ಮೆ ನೆಲ ತಿಕ್ಕಿಸಿ.

ಗಾಳಿ ನೋಡಿ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಡಿಸೆಂಬರ್ ಜನವರಿಯ ಬೆಳಗು ಚಳಿ. ಹಿತ್ತಿಲ ಬದಿಯ ಬಚ್ಚಲಿಗೆ ಹಂಚಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಅಲ್ಲಿ ಟಬ್ಬಿನ ನೀರು ಬೇಗ ಆರುತ್ತದೆ. ಹತ್ತು ಹನ್ನೊಂದು ಗಂಟೆಗೆ, ಬಿಸಿಲು ಬಂದ ಮೇಲೆ ಮೀಯಿಸಿದರೆ ಅರ್ಧ ತೊಂದರೆ ತಪ್ಪಿತು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಈ ಚಿಂತೆ ಕಡಿಮೆ. ಅಲ್ಲಿ ಏಪ್ರಿಲ್ ಮೇ ಸೆಕೆಯಲ್ಲಿ ಬೆವರುಸಾಲೆ ಏಳುವುದೇ ದೊಡ್ಡ ಕಾಟ, ಕೂಸಿಗೆ ನೀರೆಂದರೆ ಖುಷಿ.

ಹೊಗೆಯ ವಿಷಯ. ಹಂಡೆ ಒಲೆಗೆ ಅಡಿಕೆ ಸಿಪ್ಪೆಯೋ ತೆಂಗಿನ ಸಿಪ್ಪೆಯೋ ಹಾಕಿ ಉರಿ ಮಾಡುವ ಬಚ್ಚಲಾದರೆ, ನೀರು ಕಾದು ಹೊಗೆ ಹೋದ ಮೇಲೆಯೇ ಕೂಸನ್ನು ಒಳಗೆ ತನ್ನಿ. ಬಾಗಿಲು ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅದು ಹೊಗೆಗಿಂತ ಕೆಟ್ಟದ್ದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವ ಮೊದಲೇ ಜೀವ ಹೋಗುತ್ತದೆ. ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಬಕೆಟ್ಟಿಗೆ ಹೀಟರ್ ರಾಡ್ ಇಳಿಬಿಡುವವರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ರಾಡ್ ತೆಗೆದ ಮೇಲೆ ನೀರಿಗೆ ಕೈ ಹಾಕಿ.

ಕೊನೆಗೆ ನೀರು. ಬೇಸಿಗೆಯಲ್ಲಿ ಬಾವಿ ತಳ ಕಾಣುವ ಮನೆಗಳಿವೆ. ಇಲ್ಲಿ ಟಬ್ಬಿನ ಪರವಾಗಿ ಒಂದು ಮಾತು ಹೇಳಬೇಕು. ಕಾಲ ಮೇಲೆ ತಂಬಿಗೆ ತಂಬಿಗೆ ಸುರಿಯುವಾಗ ಬಕೆಟ್ಟುಗಟ್ಟಲೆ ನೀರು ಹೋಗುತ್ತದೆ. ಟಬ್ಬಿನಲ್ಲಿ ಹತ್ತು ಹನ್ನೆರಡು ಲೀಟರಿಗೆ ಕೆಲಸ ಮುಗಿಯುತ್ತದೆ, ಆ ನೀರನ್ನು ಮಲ್ಲಿಗೆ ಗಿಡಕ್ಕೂ ಹಾಕಬಹುದು.

4. ಟಬ್ಬೋ, ಬಾತರ್ರೋ

ಅಂಗಡಿಯಲ್ಲಿ ಬೇಬಿ ಬಾತರ್ ಅಂತ ಒಂದು ಸಿಗುತ್ತದೆ. ಕಂಬಿಯ ಚೌಕಟ್ಟಿಗೆ ಬಲೆಬಟ್ಟೆ ಬಿಗಿದ, ಸ್ವಲ್ಪ ಇಳಿಜಾರಾದ ಪುಟ್ಟ ಆರಾಮಕುರ್ಚಿ. ಕೂಸನ್ನು ಅದರ ಮೇಲೆ ಮಲಗಿಸಿ ಚೊಂಬಿನಿಂದ ನೀರು ಹಾಕುವುದು, ನೀರು ಬಲೆಯಿಂದ ಕೆಳಗೆ ಇಳಿದು ಹೋಗುತ್ತದೆ. ಅಜ್ಜಿಯ ಕಾಲು ಮಾಡುತ್ತಿದ್ದ ಕೆಲಸವನ್ನು ಹೆಚ್ಚು ಕಡಿಮೆ ಇದು ಮಾಡುತ್ತದೆ. ನಮ್ಮ ಹಾಗೆ ನೀರು ಸುರಿದು ಮೀಯಿಸುವವರಿಗೆ ಟಬ್ಬಿಗಿಂತ ಇದೇ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಗ್ಗ, ಜಾಗ ಸಾಕು, ನೀರು ನಿಲ್ಲುವುದಿಲ್ಲ, ತುಂಬಿದ ಟಬ್ಬು ಎತ್ತುವ ಕಷ್ಟವೂ ಇಲ್ಲ. ನೀವು ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತರೆ ಆಯಿತು.

ಕೊಳ್ಳುವಾಗ ಬಟ್ಟೆ ಬಿಚ್ಚಿ ತೊಳೆಯಲು ಬರುತ್ತದೆಯೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾವ ಬಟ್ಟೆಯೂ ಒಣಗುವುದಿಲ್ಲ, ಒದ್ದೆ ಬಲೆಗೆ ಕಪ್ಪು ಚುಕ್ಕಿ ಬೀಳುತ್ತದೆ. ಮಡಚುವ ಸಂದಿಯಲ್ಲಿ ಬೆರಳು ಸಿಕ್ಕುತ್ತದೆಯೇ, ಕಾಲಿನ ರಬ್ಬರ್ ಟೋಪಿಗಳು ಗಟ್ಟಿಯಾಗಿವೆಯೇ ಪರೀಕ್ಷಿಸಿ. ನೆಲದ ಮೇಲೆ ಮಾತ್ರ ಇಡಿ. ಮೇಜಿನ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನೀರು ತುಂಬಿದ ಟಬ್ಬಿನೊಳಗೆ ಬೇಡ. ಕೂಸು ಮಗ್ಗುಲಾಗಲು, ಎದ್ದು ಕೂರಲು ಹವಣಿಸಿದ ದಿನವೇ ಅದರ ಕೆಲಸ ಮುಗಿಯಿತು. ಅಂದರೆ ನಾಲ್ಕೈದು ತಿಂಗಳ ಸಾಮಾನು.

ಟಬ್ಬು ಸರಿಯಾಗಿ ಉಪಯೋಗಕ್ಕೆ ಬರುವುದು ಕುತ್ತಿಗೆ ನಿಂತ ಮೇಲೆ. ಆರು ತಿಂಗಳ ನಂತರ ಕೂಸು ಕೂರಲು ಕಲಿತಾಗ ನೀರಲ್ಲಿ ಆಡಿಸುವುದಕ್ಕೂ ಆಗುತ್ತದೆ. ಸೆಕೆಗಾಲಕ್ಕೆ ಕೂರುವ ವಯಸ್ಸು ಬಂದರೆ ಟಬ್ಬು ಕೊಂಡದ್ದಕ್ಕೆ ನ್ಯಾಯ ಸಿಕ್ಕಿತು. ಮಳೆಗಾಲಕ್ಕೆ ಬಂದರೆ ಅಷ್ಟು ಹೇಳಲಾರೆ.

5. ಟಬ್ಬೇ ಬೇಕಾದರೆ ಮುಟ್ಟಿ, ಒತ್ತಿ, ಮೂಸಿ ಕೊಳ್ಳಿ

ಸಿರಸಿಯ ಪೇಟೆಯಲ್ಲೋ ಕಾರವಾರದಲ್ಲೋ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಎರಡೂ ಅಂಚು ಹಿಡಿದು ಒತ್ತಿ. ಬಾಗಿದರೆ ಬಿಡಿ, ನೀರು ತುಂಬಿದ ಮೇಲೆ ಇನ್ನೂ ಬಾಗುತ್ತದೆ. ಒಳಗೆ ಮೂಗು ಇಟ್ಟು ಮೂಸಿ. ಘಾಟು ಹೊಡೆಯುವ ಪ್ಲಾಸ್ಟಿಕ್ ಬೇಡ. ಅಂಚಿನ ಸುತ್ತ ಬೆರಳು ಎಳೆದು ಚೂಪು ಇದೆಯೇ ನೋಡಿ. ಜಾತ್ರೆಯಲ್ಲಿ, ಸಂತೆಯಲ್ಲಿ ರಾಶಿ ಹಾಕಿ ಮಾರುವ ತೆಳು ಟಬ್ಬುಗಳು ಬಟ್ಟೆ ನೆನೆಸಲು ಸಾಕು, ಕೂಸಿಗೆ ಬೇಡ.

ಒಂದೇ ಅಚ್ಚಿನ ಗಟ್ಟಿ ಟಬ್ಬು ಎಲ್ಲಕ್ಕಿಂತ ಒಳ್ಳೆಯದು. ಮಡಚುವ ಸಿಲಿಕೋನ್ ಟಬ್ಬು ನೋಡಲು ಚಂದ, ದರವೂ ಎರಡು ಮೂರು ಪಟ್ಟು. ಅದರ ಮಡಿಕೆಗಳಲ್ಲಿ ನೀರು, ಎಣ್ಣೆ, ಸೋಪು ಕೂತು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಕಾಲು ಮಡಚುವ ಕೀಲು ಸಡಿಲಾದರೆ ಟಬ್ಬು ಒಂದು ಕಡೆ ಕುಸಿಯುತ್ತದೆ. ಜಾಗ ತೀರಾ ಇಲ್ಲದವರು ಮಾತ್ರ ಇದನ್ನು ನೋಡಿ, ಲಾಕ್ ಗಟ್ಟಿಯಾಗಿ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ನಾಲ್ಕು ಸಲ ಮಡಚಿ ತೆಗೆದು ಪರೀಕ್ಷಿಸಿ.

ತಳದಲ್ಲಿ ನೀರು ಬಿಡುವ ತೂತು, ಅದಕ್ಕೊಂದು ಬಿರಡೆ ಇರಲಿ. ಎತ್ತಿ ಚೆಲ್ಲುವ ಕಷ್ಟ ತಪ್ಪುತ್ತದೆ. ಒಳತಳ ಒರಟಾಗಿರಲಿ. ನುಣುಪಾಗಿದ್ದರೆ ಮಡಚಿದ ಹಳೆ ಪಂಚೆ ಹಾಸಿದರೂ ಆದೀತು. ಅಳತೆ ಓದುವಾಗ ಒಳಗಿನ ಅಳತೆ ಓದಿ. ಅಂಚು ಅಗಲ ಇದ್ದರೆ ಒಳಗೆ ಜಾಗ ಕಡಿಮೆ. ಸಾದಾ ಟಬ್ಬು ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ತಾಮ್ರದ, ಹಿತ್ತಾಳೆಯ ಅಗಲ ಪಾತ್ರೆ ಅಟ್ಟದಲ್ಲಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅಂಚು ಗಟ್ಟಿ, ತಲೆಗೆ ತಾಗಿದರೆ ಪೆಟ್ಟು. ಲೋಹ ನೀರಿನ ಬಿಸಿಯನ್ನು ಬೇಗ ಎಳೆಯುತ್ತದೆ. ಫೋಟೋ ತೆಗೆಯಲು ಮಾತ್ರ ಚೆನ್ನ.

6. ಪುಕ್ಕಟೆ ಕೊಟ್ಟರೂ ಬೇಡದವು

ಟಬ್ಬಿನ ನೀರಿನೊಳಗೆ ಅಂಟಿಸುವ ಸ್ನಾನದ ಸೀಟು. ಕೆಳಗೆ ರಬ್ಬರ್ ಬಟ್ಟಲು ಇರುತ್ತವೆ, ತಳಕ್ಕೆ ಕಚ್ಚಿಕೊಳ್ಳುತ್ತವೆ ಅಂತ ಹೇಳುತ್ತಾರೆ. ಎಣ್ಣೆ, ಸೋಪು ತಾಗಿದ ತಳಕ್ಕೆ ಅವು ಕಚ್ಚುವುದಿಲ್ಲ. ಸೀಟು ಮಗುಚಿದರೆ ಕೂಸು ಅದರೊಳಗೆ ಸಿಕ್ಕಿಕೊಂಡು ಮುಖ ನೀರಿಗೆ ಹೋಗುತ್ತದೆ. ಇಂಥ ಸೀಟಿನಲ್ಲಿ ಮಕ್ಕಳು ಮುಳುಗಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಸೀಟಿನ ದೊಡ್ಡ ದೋಷ, ಕೂಸು ಭದ್ರವಾಗಿ ಕೂತಿದೆ ಅನ್ನುವ ಧೈರ್ಯ ಕೊಡುವುದು. ಆ ಧೈರ್ಯದಲ್ಲಿ ಅಮ್ಮ ಟವೆಲ್ ತರಲು ಏಳುತ್ತಾಳೆ. ಎರಡು ಇಂಚು ನೀರು ಸಾಕು ಕೂಸು ಮುಳುಗಲು, ಸದ್ದೂ ಬರುವುದಿಲ್ಲ.

ಕುತ್ತಿಗೆಗೆ ಹಾಕಿ ತೇಲಿಸುವ ಗಾಳಿಯ ಉಂಗುರ ಇನ್ನೊಂದು. ಇದರಿಂದ ಸಾವು, ಗಂಭೀರ ಗಾಯ ಆಗಬಹುದು ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ. ಗಾಳಿ ತುಂಬುವ ಟಬ್ಬೂ ಬೇಡ. ಕೂಸು ಅಂಚಿಗೆ ಒರಗಿದರೆ ಅಂಚೇ ಕೆಳಗೆ ಹೋಗುತ್ತದೆ.

ಅಂಗಡಿಯವರು "ಅಕ್ಕಾ, ಇದಿದ್ರೆ ನಿಮ್ಮ ಎರಡೂ ಕೈ ಫ್ರೀ" ಅಂದರೆ ಅದೇ ಬಿಡಲು ಕಾರಣ. ಕೂಸು ನೀರಲ್ಲಿರುವಾಗ ಒಂದು ಕೈ ಅದರ ಮೇಲೆ ಇರಲೇಬೇಕು.

7. ಚಿಲ್ಲರೆ ಸಾಮಾನು, ಬೇಗ ಬೇಗ

ನೀರಿನ ಥರ್ಮಾಮೀಟರ್: ಹದ 37ರಿಂದ 38 ಡಿಗ್ರಿ. ಮೊಣಕೈ ಅದ್ದಿ ನೋಡಿದರೆ ಬಿಸಿಯೂ ಅನಿಸಬಾರದು, ತಂಪೂ ಅನಿಸಬಾರದು. ಮನೆಯಲ್ಲಿ ಬಿಸಿಯ ಬಗ್ಗೆ ದಿನಾ ವಾದ ನಡೆಯುತ್ತಿದ್ದರೆ ಒಂದು ಅಗ್ಗದ ಥರ್ಮಾಮೀಟರ್ ತನ್ನಿ, ಅಂಕಿ ನೋಡಿದ ಮೇಲೆ ಅತ್ತೆಯೂ ಸುಮ್ಮನಾಗುತ್ತಾರೆ. ಇಲ್ಲದಿದ್ದರೆ ಮೊಣಕೈ ಸಾಕು.

ಟೋಪಿ ಇರುವ ದಪ್ಪ ಟವೆಲ್: ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ದಂಡ. ಒಂದು ಸಲ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಹಳೆ ಪಂಚೆ, ಹಳೆ ಹತ್ತಿ ಸೀರೆ ಹಂಡೆ ಒಲೆಯ ಬಿಸಿಗೇ ಒಣಗುತ್ತದೆ, ಮೆತ್ತಗೂ ಇರುತ್ತದೆ.

ಸ್ಪಂಜು, ಬ್ರಷ್ಷು: ಬೇಡ. ಸ್ಪಂಜಿನೊಳಗೆ ಒದ್ದೆ ಉಳಿದು ಬೂಸಲು ಬರುತ್ತದೆ. ಕೈಯೇ ಮೆತ್ತಗಿದೆ.

ಸೋಪು: ಸ್ವಲ್ಪ ಸಾಕು, ವಾಸನೆ ಕಡಿಮೆ ಇರುವುದು. ಕಡಲೆ ಹಿಟ್ಟು ತರಿತರಿಯಾಗಿದ್ದರೆ ಎಳೆ ಚರ್ಮಕ್ಕೆ ಗೀರು. ಅಂಟುವಾಳ ಕಣ್ಣಿಗೆ ಬಿದ್ದರೆ ಉರಿ, ಕೂಸಿಗೆ ಅದು ಬೇಡ.

ತಲೆಯ ರಬ್ಬರ್ ಟೋಪಿ: ಒಂದು ವರ್ಷದ ಮೇಲೆ, ತಲೆ ಮೀಯಿಸುವಾಗ ಮನೆ ಹಾರಿಹೋಗುವ ಹಾಗೆ ಅಳುವ ಮಗುವಾದರೆ ತಂದು ನೋಡಿ.

ನೀರಿನ ಆಟಿಕೆ: ಒತ್ತಿದರೆ ಚೀಂ ಅನ್ನುವ, ತಳದಲ್ಲಿ ತೂತಿರುವ ರಬ್ಬರ್ ಬಾತುಕೋಳಿಯ ಹೊಟ್ಟೆಯೊಳಗೆ ಕಪ್ಪು ಲೋಳೆ ಬೆಳೆಯುತ್ತದೆ. ಒಂದನ್ನು ಕತ್ತರಿಸಿ ನೋಡಿ ಬೇಕಾದರೆ. ತೂತಿಲ್ಲದ್ದು ತನ್ನಿ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ, ಅದು ಇದೆಯೇ ನೋಡಿ. ಸ್ಟೀಲ್ ಲೋಟ ಒಂದು ಕೊಟ್ಟರೂ ಕೂಸು ಅಷ್ಟೇ ಹೊತ್ತು ಆಡುತ್ತದೆ.

8. ಕೊಳ್ಳುವ ಮೊದಲು ನಾಲ್ಕು ಮನೆ ಕೇಳಿ

ಕೂಸಿನ ಟಬ್ಬು ಸವೆಯುವ ಸಾಮಾನಲ್ಲ. ಆರೆಂಟು ತಿಂಗಳು ಬಳಸಿದ ಮೇಲೆ ಅಟ್ಟ ಸೇರುತ್ತದೆ. ಅಕ್ಕನ ಮನೆ, ಚಿಕ್ಕಮ್ಮನ ಮನೆ, ಪಕ್ಕದ ಮನೆ, ಎಲ್ಲೋ ಒಂದು ಕಡೆ ಅಡಿಕೆ ಗೊರಬಲಿನ ಚೀಲದ ಹಿಂದೆ ಒಂದು ಇದ್ದೇ ಇರುತ್ತದೆ. ಕೇಳಲು ನಾಚಿಕೆ ಬೇಡ, ಕೊಡುವವರಿಗೆ ಜಾಗ ಖಾಲಿಯಾದ ಸಂತೋಷ.

ತಂದ ಮೇಲೆ ಬಿಸಿಲಿಗೆ ಹಿಡಿದು ಬಿರುಕು ಇದೆಯೇ ನೋಡಿ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಪ್ಲಾಸ್ಟಿಕ್ ಬೆಳ್ಳಗಾಗಿ ಪುಡಿ ಏಳುತ್ತದೆ, ಅಂಥದ್ದು ಬಿಡಿ. ಫಿನಾಯಿಲ್, ಕೀಟನಾಶಕ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಲು ಬಳಸಿದ ಟಬ್ಬೋ ಅಂತ ಕೇಳಿ ತಿಳಿದುಕೊಳ್ಳಿ. ತೋಟದ ಮನೆಗಳಲ್ಲಿ ಖಾಲಿ ಕಂಡ ಪಾತ್ರೆ ಯಾವ ಕೆಲಸಕ್ಕೆ ಹೋಗಿರುತ್ತದೆ ಹೇಳಲಾಗದು. ಸರಿ ಇದ್ದರೆ ಸೋಪು ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಒಂದು ದಿನ ಒಣಗಿಸಿ. ಬಾತರಿನ ಬಲೆಬಟ್ಟೆ ಮಾತ್ರ ಹಳೆಯದು ಬೇಡ. ಜೋತುಬಿದ್ದ ಬಟ್ಟೆಯಲ್ಲಿ ಕೂಸಿನ ಗಲ್ಲ ಎದೆಗೆ ಒತ್ತಿ ಉಸಿರಿಗೆ ತೊಂದರೆ ಆಗುತ್ತದೆ.

9. ಮೊದಲ ದಿನ ಟಬ್ಬಿಗೆ ಇಳಿಸುವಾಗ

ಎಲ್ಲ ಸಾಮಾನು ಕೈಗೆಟಕುವಲ್ಲಿ ಮೊದಲೇ ಜೋಡಿಸಿಕೊಳ್ಳಿ: ಬಟ್ಟೆ, ಟವೆಲ್, ಸೋಪು, ತಂಬಿಗೆ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈಯಿಂದ ಚೆನ್ನಾಗಿ ಕಲಸಿ. ಹಂಡೆಯ ನೀರು ತಂಬಿಗೆಯಿಂದ ತಂಬಿಗೆಗೆ ಬಿಸಿ ಬದಲಾಗುತ್ತದೆ, ಮೇಲಿನದು ಜಾಸ್ತಿ ಬಿಸಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಕೂಸಿನದು ಇನ್ನೂ ತೆಳು. ಹಾಗಾಗಿ ಕೂಸು ಟಬ್ಬಿನಲ್ಲಿ ಇರುವಾಗ ಮೇಲಿನಿಂದ ಬಿಸಿನೀರು ಸೇರಿಸಲೇಬೇಡಿ. ಬಿಸಿನೀರಿನ ಬಕೆಟ್ಟು ಕೂಸಿನ ಕೈ ಕಾಲಿಗೆ ಸಿಗದಷ್ಟು ದೂರ ಇರಲಿ.

ಎಣ್ಣೆ ಹಚ್ಚಿದ ದಿನ ಟಬ್ಬಿಗೆ ಇಳಿಸುವ ಮೊದಲು ಒಣ ಬಟ್ಟೆಯಲ್ಲಿ ಮೈ ಒರೆಸಿ. ಅಥವಾ ಕ್ರಮ ತಿರುಗಿಸಿ, ಮೊದಲು ಸ್ನಾನ, ಆಮೇಲೆ ತೆಳ್ಳಗೆ ಎಣ್ಣೆ. ಅಮ್ಮಮ್ಮನಿಗೆ ಇದು ಒಪ್ಪಿಗೆ ಆಗುವುದಿಲ್ಲ, ಆದರೆ ಕೂಸಿಗೆ ಹಿತವೇ. ನೀರು ಎರಡರಿಂದ ಮೂರು ಇಂಚು. ಎಡಗೈಯನ್ನು ಕೂಸಿನ ಕುತ್ತಿಗೆ ಕೆಳಗೆ ಹಾಯಿಸಿ ಆಚೆ ಬದಿಯ ರಟ್ಟೆ ಹಿಡಿಯಿರಿ, ಬಲಗೈ ಪೃಷ್ಠದ ಕೆಳಗೆ. ಕಾಲು ಮೊದಲು ನೀರಿಗೆ, ಆಮೇಲೆ ನಿಧಾನಕ್ಕೆ ಮೈ. ಬಲಗೈ ಬಿಟ್ಟು ತೊಳೆಯಿರಿ, ಎಡಗೈ ಕೊನೆಯವರೆಗೂ ಬಿಡಬೇಡಿ. ಐದು ಹತ್ತು ನಿಮಿಷ ಸಾಕು. ಚಳಿಗಾಲದಲ್ಲಿ ದಿನಾ ಬೇಕಂತಲೂ ಇಲ್ಲ, ವಾರಕ್ಕೆ ಮೂರು ಸಲ ಮೀಯಿಸಿ ಉಳಿದ ದಿನ ಒರೆಸಿದರೂ ನಡೆಯುತ್ತದೆ.

ಮಧ್ಯೆ ಫೋನ್ ಬಂದರೆ, ಬಾಗಿಲಲ್ಲಿ ಮೀನಿನವಳು ಕೂಗಿದರೆ, ಕುಕ್ಕರ್ ಸೀಟಿ ಹೊಡೆದರೆ, ಕೂಸನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೇ ಏಳಿ. ಅಣ್ಣನೋ ಅಕ್ಕನೋ ಆದ ನಾಲ್ಕು ವರ್ಷದ ಮಗುವಿಗೆ ನೋಡಿಕೋ ಅಂತ ಹೇಳಿ ಹೋಗುವುದು ಲೆಕ್ಕಕ್ಕಿಲ್ಲ.

ಸ್ನಾನ ಮುಗಿದ ಕೂಡಲೇ ಟಬ್ಬು ಖಾಲಿ ಮಾಡಿ ಗೋಡೆಗೆ ಒರಗಿಸಿ ಬೋರಲು ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿರಡೆಯ ಸಂದಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಕೂಸು ಟಬ್ಬಿನ ಅಂಚು ಹಿಡಿದು ಎದ್ದು ನಿಲ್ಲತೊಡಗಿದರೆ ಟಬ್ಬು ತೆಗೆದು, ಒರಟು ಮ್ಯಾಟಿನ ಮೇಲೆ ಕೂರಿಸಿ ತಂಬಿಗೆಯಿಂದಲೇ ಮೀಯಿಸಿ. ಆ ಹೊತ್ತಿಗೆ ಅದು ಅಂಬೆಗಾಲಿಟ್ಟು ಬಚ್ಚಲಿನ ದಾರಿ ಕಂಡುಕೊಂಡಿರುತ್ತದೆ. ಬಕೆಟ್ಟುಗಳಲ್ಲಿ ನೀರು ತುಂಬಿಡುವ ರೂಢಿ ಬಿಡಿ. ನೀರು ಬರುವುದೇ ಎರಡು ದಿನಕ್ಕೊಮ್ಮೆ ಅನ್ನುವ ಮನೆಯಾದರೆ ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ಕೂಸಿನ ಕೈ ಎಟಕದ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ.